ಎರೆ ಹೊಲದ ದಾರಿಯಲ್ಲಿ ವಿಧಾನಮಂಡಲದ ಸಮಿತಿ

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಅಣ್ಣಿಗೇರಿಯಲ್ಲಿ ಇಳಿದಾಗ ಮಳೆ ಜೋರಾಗಿ ಸುರಿದು ಆಗಷ್ಟೇ ನಿಂತಿತ್ತು, ಎಲ್ಲೆಲ್ಲೂ ಕೆಸರು. ನನಗೆ ಖುಷಿಯೋ ಖುಷಿ. ವಿಧಾನಮಂಡಲದ ಶಿಕ್ಷಣ ಸಮಿತಿಯ ಅಧ್ಯಕ್ಷರು ಬರುವ ದಿನ ಮಳೆ ಸುರಿಯಲಿ ಎಂದು ಹರಕೆ ಹೊರುವುದೊಂದೇ ಬಾಕಿಯಿತ್ತು.

ಸಂಗತಿ ಇಷ್ಟೇ. ಶಲವಡಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಎಂಟನೆಯ ತರಗತಿ ಮುಚ್ಚಬಹುದು, ಮಕ್ಕಳು ಶಲವಡಿಗೆ ನಡೆದು ಹೋಗಲಿ, ದಾರಿ ಸಲೀಸಾಗಿದೆ ಎಂದು ತಪಾಸಣಾಧಿಕಾರಿಯೊಬ್ಬರು ವಿಧಾನಮಂಡಲಕ್ಕೆ ವರದಿ ಕೊಟ್ಟಿದ್ದರು. ಜಿಲ್ಲೆಯ ಶಾಲಾ ಸಲಹಾ ಸಮಿತಿಯ ಸದಸ್ಯೆಯಾಗಿ ನಾನು ಪ್ರತಿ ಸಭೆಯಲ್ಲೂ ವಿರೋಧಿಸಿದೆ. ಚಹಾ ಕೊಟ್ಟರು, ಚೂಡಾ ಕೊಟ್ಟರು, ನನ್ನ ಮಾತು ಬರೆದುಕೊಂಡು ಸುಮ್ಮನಾದರು. ತಪಾಸಣೆಯನ್ನೆಲ್ಲ ಬೇಸಿಗೆಯಲ್ಲೇ ಮುಗಿಸುವುದು ಆ ಸಾಹೇಬರ ರೂಢಿ. ಮಳೆಗಾಲದಲ್ಲಿ ಅಂಟು ಕೆಸರಾಗುವ ಕಪ್ಪು ಎರೆ ನೆಲ ಆಗ ಕಲ್ಲಿನಂತೆ ಗಟ್ಟಿ, ಜೀಪು ಭರ್ರನೆ ಹೋಗಿ ಬರುತ್ತದೆ. ರೋಸಿಹೋಗಿ ಅಧ್ಯಕ್ಷರಿಗೇ ಬರೆದೆ: ಬರುವುದಾದರೆ ಶ್ರಾವಣದಲ್ಲಿ ಬನ್ನಿ. ಪುಣ್ಯಾತ್ಮರು ಬಂದೇಬಿಟ್ಟರು!

ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಝುಣಕ ತಿಂದು ಜೀಪು ಹತ್ತಿದೆವು. ಮೈಸೂರು ಕಡೆಯ ಅಧ್ಯಕ್ಷರು, ಹೊಳೆಯುವ ಬೂಟಿನ ಆ ಅಧಿಕಾರಿ, ನಾನು. ಶಲವಡಿ ದಾಟಿ ತುಸು ದೂರದಲ್ಲೇ ಜೀಪು ಹೂತಿತು.

"ನಡೆದೇ ಹೋಗೋಣ. ದಾರಿ ಸಲೀಸು ಅಂತ ನೀವೇ ಬರೆದಿದ್ದೀರಲ್ಲ?" ಎಂದು ಅಧಿಕಾರಿಗೆ ಹೇಳಿ ಅಧ್ಯಕ್ಷರು ಇಳಿದರು.

ನಾನು ಚಪ್ಪಲಿ ಕೈಗೆತ್ತಿಕೊಂಡೆ. ಅಧ್ಯಕ್ಷರೂ ಹಾಗೇ ಮಾಡಿದರು. ಅಧಿಕಾರಿ ಮಾತ್ರ ಬೂಟು ಬಿಚ್ಚಲೊಲ್ಲರು. ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಕಾಲು ಒರಳಿನಷ್ಟು ಭಾರವಾಯಿತು. ಕೊನೆಗೆ ಬೂಟು ಕೆಸರಿನಲ್ಲೇ ಉಳಿದು ಬರಿಗಾಲು ಮುಂದೆ ಬಂತು. ನಗಬಾರದಿತ್ತು, ನಕ್ಕುಬಿಟ್ಟೆ.

ಹಳ್ಳಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಶಾಲೆಯ ಮುಂದೆ ಊರೇ ಕಾದು ಕೂತಿತ್ತು. ಗಂಗವ್ವ ಎಂಬ ಹೆಣ್ಣುಮಗಳು ಕಾಲಿಗೆ ನೀರು ಕೊಡುತ್ತ ಮೆಲ್ಲಗೆ ಹೇಳಿದಳು: "ಅಕ್ಕಾರ, ಎಂಟನೇತ್ತಿ ತಗದ್ರ ನಮ್ಮ ನೀಲವ್ವನ ಸಾಲಿ ಮುಗೀತ್ರಿ. ನಮ್ಮ ಮಾವಾರು ಆಗ್ಲೇ ವರಾ ನೋಡ್ಯಾರ." ಅವಳ ಮಗಳು ನೀಲವ್ವ ಇನ್ನೂ ಏಳನೆಯ ತರಗತಿಯ ಹುಡುಗಿ.

"ಇಲ್ಲಿ ಪಾಲಕರಿಗೇ ಆಸಕ್ತಿ ಇಲ್ರಿ..." ಎಂದು ಅಧಿಕಾರಿ ಶುರು ಮಾಡಿದರು.

ಅಧ್ಯಕ್ಷರು ತಡೆದರು. "ನಿಮ್ಮ ಮಗಳನ್ನ ದಿನಾ ಈ ದಾರೀಲಿ ಕಳಿಸ್ತೀರಾ?"

ಅಧಿಕಾರಿ ತಮ್ಮ ಕಾಲು ನೋಡಿಕೊಂಡರು. "ಇಲ್ರಿ ಸಾಹೇಬ್ರ."

"ಹಾಗಾದ್ರೆ ಪ್ರಸ್ತಾವ ವಾಪಸ್ ತಗೊಳ್ಳಿ. ತರಗತಿ ಇಲ್ಲೇ ನಡೀಲಿ. ಹೊಸ ವರದಿ ಕೊಡಿ, ಸದನದಲ್ಲಿ ನಾನೇ ಓದ್ತೀನಿ."

"ಆತ್ರಿ" ಎಂದರು ಅಧಿಕಾರಿ, ಎಲ್ಲರೆದುರಿಗೆ.

ಊರಿಗೆ ಊರೇ ಚಪ್ಪಾಳೆ ತಟ್ಟಿತು. ವಯಸ್ಸು ಮರೆತು ನಾನೂ ಕೂಗಿದೆ. ಗೆದ್ದೆವು! ಗದ್ದಲ ಅಡಗುವ ಮೊದಲೇ ಗಂಗವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಹಿರಿಯರ ಮುಂದೆ ಸೊಸೆಯಂದಿರು ಬಾಯಿ ತೆರೆಯುವ ಪದ್ಧತಿ ಅಲ್ಲಿಲ್ಲ. ಆದರೂ ಕಟ್ಟೆಯ ಮೇಲೆ ಕೂತಿದ್ದ ಮಾವನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮಾವಾರ, ಆ ವರದ ಮನಿಯವ್ರಿಗೆ ಬ್ಯಾಡಂತ ಹೇಳ್ರಿ. ನಮ್ಮ ಹುಡುಗಿ ಎಂಟನೇತ್ತಿಗೆ ಹೊಂಟಾಳ."

ಮುದುಕ ಮೊಮ್ಮಗಳ ಮುಖ ನೋಡಿದ. "ಆತು ಬೇ" ಎಂದ.

ನಾವು ಹೊರಟೆವು. ಊರ ಅಂಚಿನಲ್ಲಿ ತಿರುಗಿ ನೋಡಿದರೆ, ಮುದುಕ ಧೋತರ ಎತ್ತಿ ಕಟ್ಟಿಕೊಂಡು ಅದೇ ಕೆಸರಿನಲ್ಲಿ ವರನ ಊರಿನ ಹಾದಿ ಹಿಡಿದಿದ್ದ.