ಎರಡು ಚೀಟಿ, ಒಂದೇ ಹೊಟ್ಟೆನೋವು

ಎಂಟು ವರ್ಷದ ಮಗುವಿಗೆ ನಾನೊಂದು ಸುಳ್ಳು ಹೇಳಿಕೊಟ್ಟಿದ್ದೆ. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆ ಸುಳ್ಳಿನ ವಾಕ್ಯ ತೀರಾ ಚೆನ್ನಾಗಿತ್ತು.

ಹಿಡಿದವರು ಲಾಯರ್ ಮಹದೇವಮ್ಮ. ಮೈಸೂರಿನ ಕೆಸರೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ಇಟ್ಟುಕೊಂಡಿರುವ, ಅರವತ್ತರ ಹತ್ತಿರದ ಹೆಂಗಸು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಕಾಗದ ನೋಡಿ ನಿಧಾನಕ್ಕೆ ಓದಿದರು. ‘ಅಪ್ಪನ ಮನೆಯಲ್ಲಿ ನನಗೆ ಸುರಕ್ಷಿತ ಭಾವನೆ ಬರುವುದಿಲ್ಲ.’ ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಮೂರನೇ ಕ್ಲಾಸಿನ ಮಗು ಇಂಗೆ ಮಾತಾಡುತ್ತಾ ಸರ್? ವಾರ ವಾರ ನಿಮ್ಮ ಅಂಕಣ ಓದ್ತೀನಿ ಕಣ್ರೀ. ಇದು ನಿಮ್ಮ ವಾಕ್ಯ.”

ಓದುಗರು ಶೈಲಿ ಗುರುತು ಹಿಡಿದರೆ ಬರೆಯುವವನಿಗೆ ಖುಷಿಯಾಗಬೇಕು. ನನಗೆ ಕೂತಿದ್ದ ಕುರ್ಚಿ ಬಿಸಿಯಾಯಿತು.

ಇದು ನಾಲ್ಕು ವರ್ಷದ ಹಿಂದಿನ ಮಾತು. ತಂಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. (ಹೆಸರುಗಳನ್ನು ಬದಲಾಯಿಸಬೇಕು ಅನ್ನುವುದು ಅವಳ ಷರತ್ತು. ಬದಲಾಯಿಸಿದ್ದೇನೆ.) ಅವಳನ್ನು ಸುಧಾ ಅನ್ನೋಣ. ಗಂಡ ನಾಗೇಶ, ಮಗಳು ಸಿಂಚನ. ಸುಧಾ ಮತ್ತು ನಾಗೇಶ ಹತ್ತು ವರ್ಷ ಸಂಸಾರ ಮಾಡಿದರು. ಹೊಡೆತ ಬಡಿತ ಇರಲಿಲ್ಲ, ಕುಡಿತ ಇರಲಿಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ, ಅಷ್ಟೆ. ಅವಳು ಒಂದು ಮಾತಿಗೆ ಹತ್ತು ಆಡುವವಳು. ಅವನು ಸಿಟ್ಟು ಬಂದರೆ ಹದಿನೈದು ದಿನ ಬಾಯಿ ಬಿಡದವನು. ಒಂದು ದಿನ ಅವಳು ಮಗಳನ್ನು ಕರೆದುಕೊಂಡು ಕುಂಬಾರಕೊಪ್ಪಲಿನ ನನ್ನ ಮನೆಗೆ ಬಂದಳು. ಅವನು ಹಿನಕಲ್‌ನ ಮನೆಯಲ್ಲೇ ಉಳಿದ. ಡಿವೋರ್ಸಿಗೆ ಇಬ್ಬರೂ ಒಪ್ಪಿದರು. ಮಗಳ ವಿಷಯ ಬಂದಾಗ ಇಬ್ಬರೂ ಬಿಡಲಿಲ್ಲ.

ಕೇಸು ಮುಗಿಯುವವರೆಗೆ ಕೋರ್ಟು ಒಂದು ಏರ್ಪಾಡು ಮಾಡಿತು. ವಾರವಿಡೀ ಸಿಂಚನ ನಮ್ಮಲ್ಲಿ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಅಪ್ಪನಲ್ಲಿ. ರಿಂಗ್ ರೋಡಿನ ಪಕ್ಕದ ಒಂದು ಬೇಕರಿ ಮುಂದೆ ಅವಳನ್ನು ಒಪ್ಪಿಸುವುದು, ಅಲ್ಲೇ ವಾಪಸು ಪಡೆಯುವುದು.

ಶನಿವಾರ ಬೆಳಗಾದರೆ ಸಿಂಚನಳಿಗೆ ಹೊಟ್ಟೆನೋವು. ತಿಂಡಿ ಮುಟ್ಟುತ್ತಿರಲಿಲ್ಲ. ಮಂಚದ ಮೇಲೆ ಮುದುಡಿಕೊಂಡು ಮಲಗುತ್ತಿದ್ದಳು. ನಮಗೆ ಇನ್ನೇನು ಬೇಕು? ಮಗುವಿಗೆ ಅಪ್ಪನೆಂದರೆ ಭಯ, ಅದಕ್ಕೇ ಹೊಟ್ಟೆನೋವು ಅಂತ ನಾನೂ ಸುಧಾಳೂ ತೀರ್ಮಾನಿಸಿದೆವು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಚೀಟಿ ಬರೆಸಿಕೊಂಡೆವು. ಸುಧಾಳ ಲಾಯರ್ ಅದನ್ನು ಫೈಲಿಗೆ ಸೇರಿಸಿದರು. ಅಷ್ಟಕ್ಕೇ ನಿಲ್ಲದೆ, ಯಾರಾದರೂ ಕೇಳಿದರೆ ಹೇಳಲಿ ಅಂತ ಮಗುವಿಗೆ ನಾನು ಮೂರು ವಾಕ್ಯ ಕಲಿಸಿದೆ. ಬಾಯಿಪಾಠ ಆಗುವವರೆಗೆ ಒಪ್ಪಿಸಿಕೊಂಡೆ. ಬುದ್ಧಿವಂತೆ, ಎರಡೇ ದಿನದಲ್ಲಿ ಕಲಿತಳು.

ಆಗ ಜಡ್ಜ್ ಒಂದು ಕೆಲಸ ಮಾಡಿದರು. ಅಪ್ಪನಿಗೊಬ್ಬರು ಲಾಯರ್ ಇದ್ದಾರೆ, ಅಮ್ಮನಿಗೊಬ್ಬರಿದ್ದಾರೆ, ಮಗುವಿನ ಪರವಾಗಿ ಮಾತಾಡುವವರು ಯಾರು ಅಂತ ಕೇಳಿ, ಮಹದೇವಮ್ಮನವರನ್ನು ನೇಮಿಸಿದರು. ಎಲ್ಲ ಕೇಸಿನಲ್ಲೂ ಹೀಗೆ ಮಾಡುವುದಿಲ್ಲವಂತೆ. ಬೇಕು ಅನಿಸಿದರೆ ಮಾಡಬಹುದಂತೆ. ಮಕ್ಕಳಿಗೂ ಲಾಯರ್ ಇರುತ್ತಾರೆ ಅನ್ನುವುದು ನನಗೆ ಗೊತ್ತಾದದ್ದೇ ಅವತ್ತು. ನಿಮಗೆ ಗೊತ್ತಿತ್ತಾ?

ಮೊದಲ ಸಲ ಮನೆಗೆ ಬಂದಾಗ ಅವರ ಕೈಯಲ್ಲಿ ಫೈಲ್ ಇರಲಿಲ್ಲ. ಒಂದು ಬಟ್ಟೆ ಬ್ಯಾಗಿನ ತುಂಬ ಅವರೆಕಾಯಿ ಇತ್ತು. ಸುಧಾ ಕಾಫಿ ಕೊಟ್ಟು, ತನ್ನ ಕಷ್ಟ ಹೇಳಿಕೊಳ್ಳಲು ಎದುರಿಗೆ ಕೂತಳು. ಅವರು ಕಾಫಿ ಕುಡಿದು, “ನಿಮ್ಮ ಮಾತು ಕೇಳಕ್ಕೆ ನಿಮ್ಮ ಲಾಯರ್ ಇದಾರಲ್ಲಮ್ಮ” ಅಂತ ಎದ್ದುಬಿಟ್ಟರು. ಮಗು ಎಲ್ಲಿ ಮಲಗುತ್ತದೆ, ಎಲ್ಲಿ ಓದುತ್ತದೆ ಅಂತ ನೋಡಿದರು. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಸಿಂಚನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಸುಲಿಯತೊಡಗಿದರು. ಒಂದು ಗಂಟೆ. ಹತ್ತಿರ ಯಾರೂ ಬರಕೂಡದು ಅಂದಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ಕಿವಿಗೊಟ್ಟೆ. (ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.) ಅಪ್ಪನ ಸುದ್ದಿಯಿಲ್ಲ, ಅಮ್ಮನ ಸುದ್ದಿಯಿಲ್ಲ. ಕೇಳಿಸಿದ್ದೆಲ್ಲ ಸ್ಕೂಲಿನ ವ್ಯಾನ್, ಅದರಲ್ಲಿ ಕಿಟಕಿ ಪಕ್ಕದ ಸೀಟಿಗೆ ನಡೆಯುವ ಜಗಳ.

ಕೈಗೆ ಕೆಲಸವಿದ್ದರೆ ಮಕ್ಕಳು ದೊಡ್ಡವರ ಮುಖ ನೋಡುವುದಿಲ್ಲ, ಮುಖ ನೋಡದಿದ್ದರೆ ನಿಜ ಮಾತಾಡುತ್ತವೆ ಅಂತ ಅವರು ಆಮೇಲೆ ನನಗೆ ಹೇಳಿದರು. ಅವರೆಕಾಯಿ ಕಾಲ ಮುಗಿದರೆ ಬಟಾಣಿ ಅಥವಾ ಹಸಿ ಕಡ್ಲೆಕಾಯಿ ತರುತ್ತಾರಂತೆ. ಹೀಗೆ ನಮ್ಮ ಮನೆಗೆ ನಾಲ್ಕು ಸಲ, ಹಿನಕಲ್‌ಗೆ ನಾಲ್ಕು ಸಲ, ಸ್ಕೂಲಿಗೆ ಎರಡು ಸಲ ಹೋದರು. ಅದೂ ಹಳೇ ಸ್ಕೂಟರಿನಲ್ಲಿ.

ಅದಾದ ಮೇಲೆಯೇ ನನ್ನನ್ನು ಕೆಸರೆಗೆ ಕರೆಸಿ, ಮಗು ಹೇಳಿದ್ದನ್ನು ಬರೆದುಕೊಂಡಿದ್ದ ಕಾಗದದಿಂದ ಆ ವಾಕ್ಯ ಓದಿದ್ದು.

ನಾನು ಒಪ್ಪಿಕೊಳ್ಳುವ ಬದಲು ಸಿಟ್ಟಾದೆ. ಮಗುವೇ ನನ್ನ ಹೆಸರು ಹೇಳಿತಾ ಅಂತ ಕೇಳಿದೆ.

“ಇಲ್ಲ ಸರ್. ಯಾರು ಹೇಳ್ಕೊಟ್ರು ಪುಟ್ಟ ಅಂತ ಕೇಳ್ದೆ. ಯಾರೂ ಇಲ್ಲ, ನಾನೇ ಯೋಚ್ನೆ ಮಾಡಿದ್ದು ಅಂದ್ಲು. ನಿಮ್ಮನ್ನ ಬುಟ್ಟುಕೊಡಲಿಲ್ಲ.”

ನಾನು ಹೇಳಿಕೊಟ್ಟದ್ದು ಒಂದು ಸುಳ್ಳು. ನನ್ನನ್ನು ಕಾಪಾಡಲು ಮಗು ಇನ್ನೊಂದನ್ನು ತಾನೇ ಕಟ್ಟಿತ್ತು. ಅವತ್ತು ಕೆಸರೆಯಿಂದ ಮನೆಗೆ ಬಂದು ಸಿಂಚನಳ ಮುಖ ನೋಡಲು ನನಗೆ ಆಗಲಿಲ್ಲ.

ಮುಂದಿನ ವಾರ ಅವರು ಸುಧಾ, ನಾಗೇಶ, ನಾನು ಮೂವರನ್ನೂ ಕರೆಸಿದರು. ಇಬ್ಬರ ಲಾಯರುಗಳಿಗೂ ತಿಳಿಸಿಯೇ. ಸುಧಾ ಬಾಗಿಲ ಪಕ್ಕದಲ್ಲಿ ಕೂತಳು, ನಾಗೇಶ ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ. ನಡುವೆ ನಾನು. ಮಹದೇವಮ್ಮ ಟೇಬಲ್ ಮೇಲೆ ಎರಡು ಡಾಕ್ಟರ್ ಚೀಟಿ ಇಟ್ಟರು. ಒಂದು ನಾವು ಶನಿವಾರ ಬೆಳಿಗ್ಗೆ ಬರೆಸಿದ್ದು. ಇನ್ನೊಂದು ಯಾರದು ಗೊತ್ತಾ?

ಅದು ನಾಗೇಶನದು. ಭಾನುವಾರ ಸಂಜೆ ಹಿನಕಲ್‌ನಲ್ಲಿ ಬರೆಸಿದ್ದು. ಅಮ್ಮನ ಮನೆಗೆ ವಾಪಸು ಹೋಗಬೇಕು ಅಂದರೆ ಮಗುವಿಗೆ ಹೊಟ್ಟೆನೋವು ಬರುತ್ತದೆ, ತಾಯಿಯೆಂದರೆ ಭಯ ಅಂತ ಅವನೂ ತನ್ನ ಲಾಯರ್ ಕೈಯಲ್ಲಿ ಅದನ್ನು ಕೋರ್ಟಿಗೆ ಹಾಕಿಸಿದ್ದ. ನಾವು ಅದನ್ನು ಹಸಿ ಸುಳ್ಳು ಅಂದಿದ್ದೆವು. ನಮ್ಮದನ್ನು ಅವರು ಹಾಗೇ ಅಂದಿದ್ದರು.

“ಎರಡೂ ನಿಜ,” ಅಂದರು ಮಹದೇವಮ್ಮ. “ನಿಮ್ಮ ಮಗಳಿಗೆ ಅಪ್ಪನ್ನ ಕಂಡ್ರೂ ಭಯ ಇಲ್ಲ, ಅಮ್ಮನ್ನ ಕಂಡ್ರೂ ಭಯ ಇಲ್ಲ. ಅವಳಿಗೆ ಭಯ ಇರೋದು ಆ ಬೇಕರಿ ಕಂಡ್ರೆ.”

ಆ ಬೇಕರಿ ಮುಂದೆ ವಾರಕ್ಕೆರಡು ಸಲ ನಾವು ಏನು ಮಾಡುತ್ತಿದ್ದೆವು ಅನ್ನುವುದು ಮೂವರಿಗೂ ಗೊತ್ತಿತ್ತು. ಸುಧಾ ಬೀದಿಯಲ್ಲೇ ಮಗುವಿನ ಬ್ಯಾಗ್ ಬಿಚ್ಚಿ, ಅಪ್ಪನ ಮನೆಯಿಂದ ಯಾವ ಬಟ್ಟೆ ಬಂದಿಲ್ಲ ಅಂತ ಹುಡುಕುತ್ತಿದ್ದಳು. ನಾಗೇಶ ಮೊಬೈಲ್ ಎತ್ತಿ ಅದನ್ನು ವಿಡಿಯೋ ಮಾಡುತ್ತಿದ್ದ. ನಾನು ಸಾಕ್ಷಿಗೆ ಇರಲಿ ಅಂತ ಅವನು ವಿಡಿಯೋ ಮಾಡುವುದನ್ನು ವಿಡಿಯೋ ಮಾಡುತ್ತಿದ್ದೆ. ಬನ್ ತಿನ್ನಲು ಬಂದವರು ನಿಂತು ನೋಡುತ್ತಿದ್ದರು. ಇವೆಲ್ಲದರ ನಡುವೆ ಒಂದು ಮಗು ತಲೆ ತಗ್ಗಿಸಿಕೊಂಡು ನಿಂತಿರುತ್ತಿತ್ತು. ಅಷ್ಟು ದಿನ ಮೂರು ಜನ ದೊಡ್ಡವರ ಕಣ್ಣಿಗೆ ಅದು ಹೇಗೆ ಬೀಳಲಿಲ್ಲ?

ಮಗಳಿಗೆ ಏನು ಬೇಕಂತೆ ಅಂತ ನಾಗೇಶ ಕೇಳಿದ.

“ಎರಡೇ ಕೇಳವ್ಳೆ. ಒಂದು, ಆ ಬೇಕರಿ ಬೇಡ. ಇನ್ನೊಂದು, ಅಪ್ಪ ಬೇಕಾ ಅಮ್ಮ ಬೇಕಾ ಅಂತ ಯಾರೂ ನನ್ನ ಕೇಳ್ಬಾರ್ದು ಅಂತ ಜಡ್ಜ್‌ಗೆ ಹೇಳಿ ಆಂಟಿ ಅಂದ್ಲು.”

ಸುಧಾ ಸೆರಗು ಬಾಯಿಗೆ ಒತ್ತಿಕೊಂಡಳು. ಯಾಕೆಂದರೆ ಆ ಪ್ರಶ್ನೆಯನ್ನು ಅವಳು ದಿನಾ ಕೇಳುತ್ತಿದ್ದಳು. ನಾಗೇಶನೂ ಕೇಳುತ್ತಿದ್ದನಂತೆ.

ಕೋರ್ಟಿನಲ್ಲಿ ಮಹದೇವಮ್ಮ ಅದನ್ನೇ ವಾದಿಸಿದರು. ಮಗುವನ್ನು ಕರೆದು ಯಾರು ಬೇಕು ಅಂತ ಕೇಳಬೇಡಿ, ಅವಳು ಹೇಗಿದ್ದಾಳೆ ಅಂತ ನಾನು ನೋಡಿದ್ದನ್ನು ಹೇಳುತ್ತೇನೆ ಅಂದರು. ಎರಡೂ ಕಡೆಯ ಲಾಯರುಗಳು ಎದ್ದು ತಕರಾರು ತೆಗೆದರು. ಮಹದೇವಮ್ಮ ದನಿ ಏರಿಸದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಅವರ ಕಪ್ಪು ಕೋಟಿನ ತೋಳು ಸವೆದು ಬೆಳ್ಳಗಾಗಿತ್ತು. ಇಡೀ ಕೋರ್ಟಿನಲ್ಲಿ ಸಿಂಚನಳ ಕಡೆಯವರು ಅವರೊಬ್ಬರೇ ಅಂತ ನನಗೆ ಅವತ್ತು ಅನಿಸಿತು. ಸೋದರಮಾವನಾದ ನಾನೇ ಅವಳ ಕಡೆ ಇರಲಿಲ್ಲ.

ಜಡ್ಜ್ ಒಪ್ಪಿದರು. ವಾರದ ದಿನ ಅಮ್ಮನಲ್ಲಿ. ಶುಕ್ರವಾರ ಅಪ್ಪ ಸ್ಕೂಲಿನಿಂದಲೇ ಕರೆದುಕೊಂಡು ಹೋಗಬೇಕು, ಸೋಮವಾರ ಬೆಳಿಗ್ಗೆ ಸ್ಕೂಲಿಗೇ ಬಿಡಬೇಕು. ರಜೆಯಲ್ಲಿ ಅರ್ಧರ್ಧ. ಎರಡು ಮನೆಯಲ್ಲೂ ಬಟ್ಟೆ, ಪುಸ್ತಕ ಬೇರೆ ಬೇರೆ ಇರಬೇಕು, ಯಾರೂ ಬ್ಯಾಗ್ ತಪಾಸಣೆ ಮಾಡುವಂತಿಲ್ಲ.

ಸುಧಾಳಿಗೆ ಸಮಾಧಾನವಾಗಲಿಲ್ಲ. ಮೊದಲು ಒಂದು ರಾತ್ರಿ ಅಪ್ಪನಲ್ಲಿ ಇರುತ್ತಿದ್ದ ಮಗಳು ಈಗ ಮೂರು ರಾತ್ರಿ ಇರುತ್ತಾಳೆ. ಆ ಹೆಂಗಸು ನನ್ನ ಮಗಳನ್ನು ಕಿತ್ತುಕೊಟ್ಟಳು ಅಂತ ತಿಂಗಳುಗಟ್ಟಲೆ ಬೈದಳು. ನನ್ನ ಜೊತೆಗೂ ಮಾತು ಬಿಟ್ಟಳು. ಆದರೆ ಅಪ್ಪನಲ್ಲಿಗೆ ಹೋಗುವ ದಿನದ ಹೊಟ್ಟೆನೋವು ಎರಡನೇ ತಿಂಗಳಿಗೇ ಹೋಯಿತು. ಯಾವ ಔಷಧವನ್ನೂ ಕೊಡಲಿಲ್ಲ. ಸುಧಾ ಅದನ್ನು ನೋಡಿದಳು. ಬೈಯುವುದನ್ನು ನಿಧಾನಕ್ಕೆ ನಿಲ್ಲಿಸಿದಳು.

ಕೇಸು ಮುಗಿದ ಮೇಲೂ ನಾನು ಆಗಾಗ ಕೆಸರೆಗೆ ಹೋಗುತ್ತಿದ್ದೆ. ಈ ದಾರಿಗೆ ಹೇಗೆ ಬಂದಿರಿ ಅಂತ ಒಮ್ಮೆ ಕೇಳಿದೆ. ತಂದೆ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ಗಾರೆ ಕೆಲಸ ಮಾಡಿ ಮಗಳನ್ನು ಲಾ ಓದಿಸಿದವರು. ಶುರುವಿನಲ್ಲಿ ಮಹದೇವಮ್ಮನೂ ಎಲ್ಲರಂತೆ ಕೇಸು ಹಿಡಿಯುತ್ತಿದ್ದರು. ಒಮ್ಮೆ ಒಬ್ಬ ತಂದೆಯ ಪರ ವಾದಿಸಿ ಗೆದ್ದರಂತೆ. ಆಚೆ ಬಂದು ನೋಡಿದರೆ, ಐದು ವರ್ಷದ ಮಗು ಕಾರಿಡಾರಿನ ಕಂಬ ತಬ್ಬಿಕೊಂಡು ನಿಂತಿತ್ತು. ತಂದೆಯ ಕಡೆಯವರು ಅದರ ಬೆರಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡು ಹೋದರಂತೆ.

“ಆ ಮಗು ಹೆಸರು ನಂಗೆ ಫೈಲ್ ನೋಡ್ದೆ ನೆನಪಿಗೆ ಬರ್ಲಿಲ್ಲ ಸರ್. ಕೇಸ್ ಗೆದ್ದಿದ್ದೀನಿ, ಮಗು ಹೆಸರು ಗೊತ್ತಿಲ್ಲ. ಅಲ್ಲಿಗೆ ಸಾಕು ಅನಿಸ್ಬುಡ್ತು.”

ಅಲ್ಲಿಂದಾಚೆಗೆ ಅವರು ಗಂಡನ ಪರವೂ ನಿಲ್ಲಲಿಲ್ಲ, ಹೆಂಡತಿಯ ಪರವೂ ನಿಲ್ಲಲಿಲ್ಲ. ಮಕ್ಕಳ ಪರವಾಗಿ ಯಾರಾದರೂ ಬೇಕಾದರೆ ನನಗೆ ಹೇಳಿ ಅಂತ ಜಡ್ಜ್ ಹತ್ತಿರ ತಾವೇ ಹೋಗಿ ಕೇಳಿಕೊಂಡರು. ಜೊತೆಯವರು ‘ಬಾಲವಾಡಿ ಮೇಡಂ’ ಅಂತ ಹೆಸರಿಟ್ಟು ನಕ್ಕರು. ಅದೇ ಜೊತೆಯವರಲ್ಲಿ ಕೆಲವರು ಆಮೇಲೆ ತಮ್ಮ ಮೊಮ್ಮಕ್ಕಳ ವಿಷಯಕ್ಕೆ ಇವರ ಬಾಗಿಲಿಗೆ ಬಂದದ್ದುಂಟು. ಅದನ್ನು ಹೇಳುವಾಗ ಅವರ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ, ಪಾಪ ಅನ್ನುವ ಹಾಗೆ ಹೇಳಿದರು. ಎಲ್ಲ ಸಲವೂ ಸರಿಹೋಗಿಲ್ಲ ಅಂತಲೂ ಹೇಳಿದರು. ಮಗುವಿನ ಮಾತನ್ನು ತಾವೇ ತಪ್ಪು ತಿಳಿದ ಒಂದು ಕೇಸು ಇವತ್ತಿಗೂ ನಿದ್ದೆ ಕೆಡಿಸುತ್ತದಂತೆ. ಅದರ ವಿವರ ಕೇಳಿದೆ. ಹೇಳಲಿಲ್ಲ.

ಈಗ ಕಳೆದ ವಾರಕ್ಕೆ ಬರುತ್ತೇನೆ. ಸಿಂಚನಳಿಗೆ ಹನ್ನೆರಡು ವರ್ಷ. ದೇವರಾಜ ಮಾರ್ಕೆಟ್ಟಿಗೆ ನನ್ನ ಜೊತೆ ಬಂದಿದ್ದಳು. ಹೊಸ ಸೈಕಲ್ಲನ್ನು ಹಿನಕಲ್ ಮನೆಯಲ್ಲಿ ಇಡಬೇಕೋ ನಮ್ಮಲ್ಲಿ ಇಡಬೇಕೋ ಅಂತ ದಾರಿಯುದ್ದಕ್ಕೂ ನನ್ನ ತಲೆ ತಿನ್ನುತ್ತಿದ್ದಳು. ಬಾಳೆಹಣ್ಣಿನ ಸಾಲಿನಲ್ಲಿ ಎದುರಿಗೇ ಮಹದೇವಮ್ಮ. ತಲೆ ಪೂರ್ತಿ ಬೆಳ್ಳಗಾಗಿದೆ, ನಡಿಗೆ ನಿಧಾನವಾಗಿದೆ. ನಾನು ಖುಷಿಯಿಂದ ಕೈ ಎತ್ತಿದೆ. ಅವರು ನನ್ನನ್ನು ನೋಡಿದರು, ಪಕ್ಕದಲ್ಲಿದ್ದವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬೇಡ ಅನ್ನುವ ಹಾಗೆ ನನಗೆ ಮಾತ್ರ ಕಾಣುವಂತೆ ತಲೆಯಾಡಿಸಿ, ನಮ್ಮನ್ನು ದಾಟಿ ಹೋದರು.

ಸಿಂಚನ ತಿರುಗಿ ನೋಡಿದಳು. “ಅವ್ರನ್ನ ಎಲ್ಲೋ ನೋಡಿದೀನಿ ಮಾಮ. ನಮ್ಮ ಹಳೇ ಸ್ಕೂಲಲ್ಲಿ ಟೀಚರ್ ಆಗಿದ್ರಾ?”

ಇರಬಹುದು ಅಂದೆ. ಅವಳು ಮತ್ತೆ ಸೈಕಲ್ ವಿಷಯಕ್ಕೆ ಹೋದಳು.

ಸಂಜೆ ಫೋನ್ ಮಾಡಿ, ಯಾಕೆ ಮೇಡಂ ಮಾತಾಡಿಸಲಿಲ್ಲ ಅಂತ ಕೇಳಿದೆ. ನಾನು ನಿಂತು ಮಾತಾಡಿದರೆ ಅವಳಿಗೆ ಕೋರ್ಟು ನೆನಪಾಗುತ್ತದೆ, ಅದು ಯಾಕೆ ಬೇಕು ಅಂದರು. ಅವಳು ನಿಮ್ಮನ್ನು ಸ್ಕೂಲಿನ ಟೀಚರ್ ಅಂದುಕೊಂಡಳು ಅಂತ ತಿಳಿಸಿದೆ. ಆ ಕಡೆಯಿಂದ ನಗು ಕೇಳಿಸಿತು. ನಾಲ್ಕು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

“ಮರ್ತವ್ಳಲ್ವಾ, ಅಷ್ಟು ಸಾಕು ಬುಡಿ ಸರ್.”

ಕಕ್ಷಿದಾರರು ತನ್ನನ್ನು ಮರೆತುಬಿಡಲಿ ಅಂತ ಕೆಲಸ ಮಾಡುವ ಲಾಯರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?