ಮೊದಲ ಮೂಟೆಯ ತೂಕ

ಸಾಗರದ ಒಂದು ಲಾರಿ ಆಫೀಸಿನಲ್ಲಿ ನಾನು ಹಲವು ವರ್ಷಗಳಿಂದ ರೈಟರು. ತೀರ್ಥಹಳ್ಳಿಯಲ್ಲಿ ಒಂದಷ್ಟು, ಹೊಸನಗರದಲ್ಲಿ ಒಂದಷ್ಟು ಅಡಿಕೆ ತುಂಬಿಕೊಂಡು ಬಂದ ಲಾರಿ ಇಲ್ಲಿ ಇನ್ನಷ್ಟು ಹೇರಿಕೊಂಡು ಉತ್ತರದ ದಾರಿ ಹಿಡಿಯುತ್ತದೆ. ಬರುವಾಗ ಹುಬ್ಬಳ್ಳಿಯ ಈರುಳ್ಳಿಯೋ ಸಿಮೆಂಟೋ ಇರುತ್ತದೆ. ಯಾವ ಮೂಟೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬರೆಯುವುದು ನನ್ನ ಕೆಲಸ. ಬರೆಯುವವನಿಗೇ ಎಲ್ಲ ಗೊತ್ತು ಎಂಬ ಕೊಬ್ಬು ಆಗ ನನಗೆ ಚೆನ್ನಾಗಿಯೇ ಇತ್ತು.

ಆ ಕೊಬ್ಬು ಇಳಿಸಿದವನು ನಮ್ಮ ಹಮಾಲಿಗಳಲ್ಲೇ ಹಿರಿಯನಾದ ಒಬ್ಬ ಮುದುಕ. ಎಲ್ಲರೂ ಅಜ್ಜ ಎನ್ನುತ್ತಿದ್ದರು. ಒಂದು ದಿನ ಚೀಟಿ ಕಿತ್ತುಹೋಗಿದ್ದ ಮೂಟೆಗಳನ್ನು ನಾನು ತೀರ್ಥಹಳ್ಳಿಯವೆಂದು ಬರೆದುಕೊಂಡೆ. ಅಜ್ಜ ಬಾಯಿ ಹೊಲಿದ ದಾರದ ಮೇಲೆ ಬೆರಳಾಡಿಸಿದ.

"ರೈಟ್ರೆ, ಇದು ಹೊಸನಗರದ್ದು. ತೀರ್ಥಳ್ಳಿಯೋರು ಕೊನೀಗೆ ಎರಡು ಗಂಟು ಹಾಕ್ತಾರೆ."

ಫೋನ್ ಮಾಡಿ ಕೇಳಿದರೆ ಅವನದೇ ಸರಿ. ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜ ನಗಲಿಲ್ಲ. ಆದರೂ ನನಗೆ ಉರಿದದ್ದು ಅವನ ಮೇಲೆಯೇ.

ನಮ್ಮ ಹಮಾಲಿಗಳಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಗುಂಪಿನ ಹಿರಿಯ ಮೊದಲ ಮೂಟೆಯನ್ನು ಹಲಗೆಯ ಮೇಲೆ ನಡೆದು ಲಾರಿಗೆ ಹತ್ತಿಸಬೇಕು. ಬೆನ್ನಿಗೇರಿಸಿದ ಮೇಲೆ ಬೇರೆಯವರ ಕೈ ತಾಗಬಾರದು. ಹತ್ತಿಸಿದರೆ ಇನ್ನೊಂದು ವರ್ಷ ಅವನು ಗುಂಪಿನವನು. ಆಗದಿದ್ದರೆ ಅಂದೇ ಮೂಟೆ ಎಳೆಯುವ ಕೊಕ್ಕೆಯನ್ನು ಕೆಳಗಿಟ್ಟು ಮನೆಗೆ ಹೋಗಬೇಕು. ಕೇಳಲು ಕಠಿಣ. ಆದರೆ ಆ ಮೂಟೆಯ ತಳಕ್ಕೆ ಅಡಿಕೆ ಸಿಪ್ಪೆ ತುಂಬಿ, ಮೇಲಷ್ಟೇ ಅಡಿಕೆ ಹಾಕಿ ಹೊಲಿಯುತ್ತಿದ್ದರು. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಮೂಟೆಯನ್ನು ಇಳಿಸಿ ಬಿಚ್ಚುತ್ತಿದ್ದರು. ಹಳೆಯ ರೈಟರು ಕೆಲಸ ಬಿಡುವಾಗ, "ಹಬ್ಬದ ಮೂಟೆ ತೂಗಕ್ಕೆ ಹೋಗ್ಬೇಡ ಮಾರಾಯ" ಎಂದು ನನಗೆ ಹೇಳಿಯೇ ಹೋಗಿದ್ದರು.

ಆ ವರ್ಷದ ಹಬ್ಬದಲ್ಲಿ ನಾನು ಅದನ್ನೇ ತೂಗಿದೆ. ಬೇಕೆಂದೇ ತೂಗಿದೆ. ಲಾರಿಗೆ ಮಾವಿನ ತೋರಣ ಕಟ್ಟಿ, ಗಾಲಿಗೆ ನಿಂಬೆಹಣ್ಣಿಟ್ಟು, ಡ್ರೈವರುಗಳೆಲ್ಲ ನೆರೆದ ಹೊತ್ತಿಗೆ ಮೂಟೆಯನ್ನು ಕಾಟಾದ ಮೇಲೆ ಇಡಿಸಿದೆ. ನಲವತ್ತು ಕೆಜಿಯೂ ಇರಲಿಲ್ಲ. ದಾರ ಕೊಯ್ದು ಸಿಪ್ಪೆಯನ್ನು ಅಂಗಳಕ್ಕೆ ಸುರಿದೆ.

"ಪೂಜೆ ಮೂಟೆ ರೈಟ್ರೆ, ಎಲ್ಲಿಗೂ ಹೋಗದಲ್ಲ, ಬಿಟ್ಬಿಡಿ" ಎಂದ ಒಬ್ಬ ಹಮಾಲಿ.

"ತೂಕ ಅಂದ್ರೆ ತೂಕ" ಎಂದು, ಮಾಮೂಲಿ ಮೂಟೆಯ ಎಪ್ಪತ್ತು ಕೆಜಿ ಬರುವವರೆಗೂ ಅಡಿಕೆ ತುಂಬಿಸಿದೆ.

ಅಜ್ಜ ಬೆನ್ನು ಕೊಟ್ಟ. ಹಲಗೆಯ ಅರ್ಧದವರೆಗೆ ಹೋದ. ಅಲ್ಲಿಂದ ಮುಂದಿನ ಹೆಜ್ಜೆ ಏಳಲಿಲ್ಲ, ಹಲಗೆ ಅಲ್ಲಾಡಿತು. ಹತ್ತಾರು ಗಟ್ಟಿ ತೋಳುಗಳು ಸುತ್ತ ನಿಂತಿದ್ದವು. ಯಾರೂ ಮುಟ್ಟುವಂತಿರಲಿಲ್ಲ. ಅವನು ಮೂಟೆ ಸಮೇತ ಮೆಲ್ಲಗೆ ಕುಕ್ಕರಿಸಿದ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಮೂಟೆಯನ್ನು ಹಲಗೆಯ ಮೇಲೇ ಬಿಟ್ಟು ಅಜ್ಜ ಇಳಿದು ಬಂದ. ಸೊಂಟದ ಕೊಕ್ಕೆ ತೆಗೆದು ನನ್ನ ಪುಸ್ತಕದ ಮೇಲಿಟ್ಟ.

"ತೂಕ ಸರಿ ಇತ್ತು ರೈಟ್ರೆ. ಬರ್ಕಳಿ."

ಆಮೇಲೆ ಅವನು ತಾಳಗುಪ್ಪದ ಮಗಳ ಮನೆ ಸೇರಿದನೆಂದು ಕೇಳಿದೆ. ಚೀಟಿಯಿಲ್ಲದ ಮೂಟೆ ಬಂದಾಗ ಈಗಲೂ ನಾನು ದಾರದ ಗಂಟು ಎಣಿಸುತ್ತೇನೆ. ಅವನಿಂದ ಕಲಿತದ್ದು ಅದೊಂದೇ.

ಅಂದಿನಿಂದ ಹಬ್ಬದ ಮೂಟೆಗೆ ಸಿಪ್ಪೆ ತುಂಬುವುದು ನಿಂತಿತ್ತು. ಈ ಸಲ ಹಿರಿಯನ ಸರದಿ ಬಂದದ್ದು ನನಗೆ ಬೇಕಾದವನಿಗೆ. ಹಿಂದಿನ ಮಳೆಗಾಲದಲ್ಲಿ ಜ್ವರದಿಂದ ನಾನು ಗೋದಾಮಿನಲ್ಲಿ ಬಿದ್ದಾಗ ಆಸ್ಪತ್ರೆಗೆ ಹೊತ್ತು ಓಡಿದವನು. ಈಗ ಅವನಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಹಬ್ಬದ ಹಿಂದಿನ ದಿನ ಗುಂಪಿನವರನ್ನು ಕರೆದು, "ಸ್ವಲ್ಪ ಸಿಪ್ಪೆ ಹಾಕ್ರೋ, ನಾನು ನೋಡಲ್ಲ" ಎಂದು ಅಂಗಲಾಚಿದೆ.

"ಬ್ಯಾಡ ರೈಟ್ರೆ" ಎಂದರು. "ತೂಕ ಅಂದ್ರೆ ತೂಕ."

ಮರುದಿನ ಅವರೇ ಮೂಟೆಯನ್ನು ಕಾಟಾದ ಮೇಲಿಟ್ಟು ನನ್ನನ್ನು ಕರೆದರು. ಎಪ್ಪತ್ತು ತೋರಿಸುತ್ತಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅವನೂ.

"ಸರಿ ಇದೆ" ಎಂದೆ. ಅವನು ಬಗ್ಗಿ ಬೆನ್ನು ಕೊಟ್ಟ.