ಕುಲ್ಫಿ ಬರ್ಫದಾಗ ಹೂತಿಟ್ಟ ರಕ್ತ

ನಮ್ಮ ಮನಿ ಬಸವಕಲ್ಯಾಣದಾಗ. ಎರಡು ಸಾವಿರ ಇಸವಿ ದಾಟಿ ಐದಾರು ವರ್ಷ ಆಗಿದ್ವು. ನನ್ನ ಮಗಳು ಇನ್ನೂ ತೊಟ್ಟಿಲದಾಗ ಇದ್ದಳು, ಅದ ಹೊತ್ತಿಗೆ ನಮ್ಮ ನಾಯಿಗೆ ಕೆಮ್ಮು ಹತ್ತಿತು. ನಾಲ್ಕ ಹೆಜ್ಜಿ ಓಡಿದ್ರ ಸಾಕು, ನಾಲಿಗಿ ನೀಲಿ ಆಗಿ ದೊಪ್ಪಂತ ಬೀಳ್ತಿತ್ತು. ನಮ್ಮತ್ತಿ ಅದನ್ನ ಹಿತ್ತಲದಾಗ ಕಟ್ಟಿಸಿದ್ರು. "ಇದಕ ಟಿ.ಬಿ. ಬಂದಾದ. ಕೂಸಿಗೆ ಅಂಟಿದ್ರ ಯಾರ್ ಜವಾಬ್ದಾರಿ? ಅಮಾಸಿ ತನಕ ನೋಡ್ತೀನಿ, ಆಮ್ಯಾಲ ಸೂಜಿ ಮಾಡಿಸಿ ಮುಗಿಸಿಬಿಡು" ಅಂದ್ರು. ಕೂಸಿನ ಮಾತು ಬಂದ ಮ್ಯಾಲ ನಾನರ ಏನ್ ಎದುರಾಡಲಿ?

ನಾಯಿನ್ನ ಜೀಪಿನಾಗ ಹಾಕ್ಕೊಂಡು ಹುಮನಾಬಾದಕ್ಕ ಹೋದೆ. ಅಲ್ಲಿ ದನದ ಡಾಕ್ಟರ್ ಸಾಹೇಬ್ರು ಅದರ ಎದಿಗೆ ಸ್ಟೆತಸ್ಕೋಪ್ ಹಚ್ಚಿ, ಕಣ್ಣು ಮುಚ್ಚಿ ಕೇಳಿದ್ರು. ಎಷ್ಟು ಹೊತ್ತು ಕೇಳಿದ್ರಂದ್ರ, ನಿದ್ದಿ ಹತ್ತಿತೇನು ಅಂತ ನನಗ ಸಿಟ್ಟೇ ಬಂತು. ಆಮ್ಯಾಲ ಎಕ್ಸರೇ ತೆಗೆಸಿದ್ರು.

"ಟಿ.ಬಿ. ಅನ್ಸೂದಿಲ್ಲ ಅಕ್ಕಾರ. ಶ್ವಾಸಕೋಶಕ್ಕ ಹೋಗೋ ರಕ್ತನಾಳದಾಗ ಒತ್ತಡ ಏರಿ ಹೃದಯ ದಣದದ ಅನ್ಸ್ತದ. ದಣದ ಹೃದಯ ರಕ್ತದಾಗ ಒಂದು ಗುರ್ತು ಬಿಡ್ತದ. ಅದನ್ನ ನೋಡೋ ಮಷೀನ್ ಹೈದರಾಬಾದದಾಗ, ಮನುಷ್ಯಾರ ಲ್ಯಾಬಿನಾಗ ಅದ" ಅಂದ್ರು. ಮನುಷ್ಯಾರ ಲ್ಯಾಬಿನಾಗ ನಾಯಿ ರಕ್ತ! ಇಂಥಾದ್ದು ನಾ ಎಲ್ಲೂ ಕೇಳಿರಲಿಲ್ಲ.

ರಕ್ತ ತೆಗೆದು, ಇದು ಥಂಡ ಇರ್ಬೇಕು, ಥರ್ಮಾಸಿಗೆ ಬರ್ಫ ತರ್ರಿ ಅಂದ್ರು. ನಾ ಬಸ್ ಸ್ಟ್ಯಾಂಡಿಗೆ ಓಡಿ ಕುಲ್ಫಿ ಗಾಡಿಯವನ ಡಬ್ಬಿಯಿಂದ ತುಂಬಿಸ್ಕೊಂಡು ಬಂದೆ. ರಕ್ತದ ಶೀಶಿ ಅದರಾಗ ನಾನೇ ಹೂತು, ಹೈದರಾಬಾದ್ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟೆ.

ಮೂರನೇ ದಿನ ಡಾಕ್ಟರ್ ಫೋನ್ ಬಂತು. "ರಕ್ತ ಬರ್ಫ ಆಗಿ ಕೆಟ್ಟು ಹೋಗ್ಯಾದ, ಪರೀಕ್ಷಾ ಆಗಲಿಲ್ಲ. ಬರ್ಫ ಎಲ್ಲೀದ್ರಿ?"

ಹೇಳಿದೆ. ಕುಲ್ಫಿ ಬರ್ಫಕ್ಕ ಉಪ್ಪು ಹಾಕಿರ್ತಾರ, ಅದು ಸಾದಾ ಬರ್ಫಕ್ಕಿಂತ ಥಂಡ ಇರ್ತದ ಅನ್ನೂದು ನನಗ ಗೊತ್ತಿತ್ತು. ಗೊತ್ತಿತ್ತಂತನ ತಂದಿದ್ದೆ. ಹೆಚ್ಚು ಥಂಡ ಇದ್ರ ಹೆಚ್ಚು ಚಲೋ ಅಂದ್ಕೊಂಡಿದ್ದೆ, ದೊಡ್ಡ ಶಾಣ್ಯಾಕಿ! ಬೈಸಿಕೊಳ್ಳಾಕ ತಯಾರಾಗಿ ನಿಂತೆ.

"ತಪ್ಪು ನಂದರಿ" ಅಂದ್ರು. "ಬರ್ಫ ಅಂದೆ, ಯಾವ ಬರ್ಫ ಅಂತ ಹೇಳಲಿಲ್ಲ."

ಅಂಥಾ ಮನುಷ್ಯಾನ್ನ ನಾ ಮತ್ತ ನೋಡಿಲ್ಲ. ಇನ್ನೊಮ್ಮೆ ರಕ್ತ ತೆಗೆದು, ತಮ್ಮ ರಜಾ ದಿನ ಥರ್ಮಾಸ್ ತೊಡಿ ಮ್ಯಾಗ ಇಟ್ಕೊಂಡು ಬಸ್ಸಿನಾಗ ತಾವೇ ಹೋಗಿ ಬಂದ್ರು. ಅಮಾಸಿ ಹಿಂದಿನ ದಿನ ಸಂಜಿಕ ನಮ್ಮನಿಗೆ ಬಂದು ಅತ್ತಿ ಮುಂದ ಕುಂತ್ರು.

"ಆ ಗುರ್ತು ಭಾಳ ಏರ್ಯಾದ ಅವ್ವಾರ. ರಕ್ತ ಒಂದ ನೋಡಿ ಹೇಳಾಕತ್ತಿಲ್ಲ. ಎಕ್ಸರೇ, ನನ್ನ ಕಿವಿ, ಎಲ್ಲಾ ಕೂಡಿ ಹೇಳಾಕತ್ತೇನಿ. ಇದು ಹೃದಯದ್ದು, ಕೂಸಿಗೆ ಅಂಟೂದಲ್ಲ. ಗುಳಿಗಿ ಕೊಟ್ರ ಕೆಲವು ತಿಂಗಳು ಆರಾಮ ಇರ್ತದ. ಪೂರಾ ಉಳಸ್ತೀನಿ ಅಂತ ಸುಳ್ಳು ಹೇಳಂಗಿಲ್ಲ."

ಅತ್ತಿ ಎದ್ದು ಹಿತ್ತಲಕ್ಕ ಹೋಗಿ ತಾವೇ ಹಗ್ಗ ಬಿಚ್ಚಿದ್ರು.

"ಬಾ ಒಳಗ, ಮೂಳಾ" ಅಂತ ಬೈದ್ರು. "ಇರೋದ ನಾಲ್ಕ್ ದಿನ, ಅದನ್ನೂ ಹೊರಗ ಕಳೀತಿಯೇನು?"